ತಮ್ಮನಿಗೆ ಒಯ್ಯುವ ಬೀದಿ

ಜುಲೈ 6, ಭಾನುವಾರ

ಯೂನಿಫಾರ್ಮ್ ಹೊಲಿಯುತ್ತಲೇ ಪಾಠ ಓದಿದೆ. ಮೂರನೆಯ ಅಧ್ಯಾಯ — ಶಿಕ್ಷೆಯ ಉದ್ದೇಶಗಳು. ಸೇಡು, ಹೆದರಿಕೆ, ಸುಧಾರಣೆ. ಒಂದು ಕಾಲರ್ ಉಲ್ಟಾ ಬಂತು. ಬಿಚ್ಚಿ ಮತ್ತೆ ಹೊಲಿದೆ. ಸುಧಾರಣೆ ಎಂದರೆ ಇದೇ ಇರಬೇಕು.

ನಾನೂ ತಮ್ಮನೂ ಒಂದೇ ಕೋರ್ಸಿಗೆ ಸೇರಿದ್ದೇವೆ. 'ಅಪರಾಧ ಮತ್ತು ಸಮಾಜ.' ಪಾಠ ಅಂಚೆಯಲ್ಲಿ ಬರುತ್ತದೆ — ಅವನಿಗೆ ಜೈಲಿಗೆ, ನನಗೆ ಮನೆಗೆ. ಒಬ್ಬನೇ ಓದಲಾರೆ ಎಂದ. ಚಿಕ್ಕಂದಿನಲ್ಲೂ ಹೀಗೇ. ನಾನು ಕೈ ಹಿಡಿದರೇನೇ ಸ್ಕೂಲು.

ಜುಲೈ 9, ಬುಧವಾರ

ಭೇಟಿ. ಗಾಜಿನ ಆಚೆ ಅವನು, ಈಚೆ ನಾನು, ನಡುವೆ ಫೋನು.

"ಶಿಕ್ಷೆ ಚಾಪ್ಟರ್ ಬರೆದೋರು ಒಂದು ದಿನಾನೂ ಒಳಗೆ ಇದ್ದೋರಲ್ಲ ಅಕ್ಕ. ಇಲ್ಲಿನ ಊಟದ ಬಗ್ಗೆ ಒಂದು ಸಾಲೂ ಇಲ್ಲ."

"ನೀನೇ ಬರಿ. ಮಾರ್ಕ್ಸ್ ಸಿಗುತ್ತೆ."

ಆಮೇಲೆ ಎಂದಿನಂತೆ — "ಬೀದಿ ಹೇಳು."

ಹೇಳಿದೆ. ನಮ್ಮ ಸೀಬೆಮರ ಹತ್ತಿದ ಬೆಕ್ಕು ಇಳಿಯಲಾರದೆ ಕೂತದ್ದು. ಇಳಿಸಲು ಹತ್ತಿದ ಬೇಕರಿಯವನೂ ಇಳಿಯಲಾರದೆ ಅದರ ಪಕ್ಕ ಕೂತದ್ದು. ಅವನ ಹೆಂಡತಿ ಕೆಳಗೆ ನಿಂತು "ಮೊದಲು ಬೆಕ್ಕನ್ನ ಇಳಿಸಿ" ಎಂದದ್ದು. ಹೊಟ್ಟೆ ಹುಣ್ಣಾಗುವಂತೆ ನಕ್ಕ. ಹಿಂದೆ ನಿಂತ ಕಾವಲಿನವರೂ ನಕ್ಕರು. ಆಮೇಲೆ ಗಡಿಯಾರ ತೋರಿಸಿದರು. ಅವರಿಗೆ ಎಲ್ಲರೂ ಗಡಿಯಾರಣ್ಣ ಎನ್ನುತ್ತಾರೆ.

ಎಲ್ಲಾ ಸುಳ್ಳು. ಆ ಬೀದಿ ಬಿಟ್ಟು ಐದು ವರ್ಷವಾಯಿತು. ಊರಿನ ಇನ್ನೊಂದು ತುದಿಯಲ್ಲಿ ಒಂದು ಕೋಣೆ. ಅವನಿಗೆ ಗೊತ್ತಿಲ್ಲ. ಸುಳ್ಳಿಗೆ ಕಾಲಿಲ್ಲ ಎನ್ನುತ್ತಾರೆ. ನನ್ನದಕ್ಕಿದೆ. ಬುಧವಾರ ಬುಧವಾರ ಬಸ್ ಹತ್ತುತ್ತದೆ.

ಜುಲೈ 16, ಬುಧವಾರ

ಅಸೈನ್‌ಮೆಂಟ್ ಬಂದಿದೆ. 'ಅಪರಾಧದಿಂದ ನೊಂದ ಒಬ್ಬರನ್ನು ಸಂದರ್ಶಿಸಿ.'

"ಇಲ್ಲಿರೋರೆಲ್ಲ ನೋಯಿಸಿ ಬಂದೋರು. ಯಾರನ್ನ ಕೇಳ್ಲಿ?" ಎಂದ. ಗಾಜಿನ ಹತ್ತಿರ ಬಾಗಿದ. "ನಿನ್ನ ಕೇಳ್ತೀನಿ ಅಕ್ಕ. ಮುಂದಿನ ವಾರ. ಇಷ್ಟು ವರ್ಷದಲ್ಲಿ ಕೇಳೇ ಇಲ್ಲ."

"ನಾನೇನು ನೊಂದೆ ಕಣೋ. ಗುಂಡುಕಲ್ಲಿನ ಹಾಗಿದ್ದೀನಿ."

"ನಿಜ ಹೇಳ್ಬೇಕು. ಸುಳ್ಳು ಹೇಳಿದ್ರೆ ಇಬ್ಬರೂ ಫೇಲು."

ಜುಲೈ 19, ಮಧ್ಯಾಹ್ನ

ನಿಜ ಹೇಳಿದರೆ ಅವನ ಬೀದಿ ಹೋಗುತ್ತದೆ. ನಿದ್ದೆ ಬರುವವರೆಗೂ ಕಣ್ಣು ಮುಚ್ಚಿ ಅಲ್ಲೇ ಅಡ್ಡಾಡುತ್ತಾನಂತೆ. ಒಳಗೆ ಅವನಿಗಿರುವುದು ಅದೊಂದೇ. ಹೇಳದಿದ್ದರೆ... ಮೊದಲ ಸಲ ಕೇಳುತ್ತಿದ್ದಾನೆ, ನೀನು ಹೇಗಿದ್ದೆ ಎಂದು.

ಆ ಬೀದಿಯಲ್ಲಿ ನಮ್ಮ ಎದುರುಮನೆ ದೊಡ್ಡಮ್ಮನ ಮಗ ಇವನ ಗೆಳೆಯ. ಒಂದು ಸಂಜೆ ಮಾತಿಗೆ ಮಾತು ಬೆಳೆಯಿತು. ಇವನು ತಳ್ಳಿದ. ಚಪ್ಪಡಿಗೆ ಅವನ ತಲೆ ಬಡಿಯಿತು, ಮತ್ತೆ ಏಳಲಿಲ್ಲ. ಅಷ್ಟೇ.

ಅಷ್ಟೇ ಎಂದು ಬರೆದೆನಲ್ಲ.

ಜುಲೈ 22

ಉತ್ತರ ಹೊಲಿದೆ. ಬಿಚ್ಚಿದೆ.

ಜುಲೈ 23, ಬುಧವಾರ

ತಲೆ ಬಾಚಿಕೊಂಡು ಬಂದಿದ್ದ. ಕೈಯಲ್ಲಿ ಪೆನ್ಸಿಲ್. ಬಹುವಚನ ಬೇರೆ!

"ಘಟನೆಯ ನಂತರ ತಮ್ಮ ಜೀವನದಲ್ಲಿ ಏನು ಬದಲಾಯಿತು, ಮೇಡಂ?"

ನಗು ಬಂತು. ನಗುವಿನ ಬೆನ್ನಿಗೇ ಎಲ್ಲ ಬಂದುಬಿಟ್ಟಿತು.

"ದೊಡ್ಡಮ್ಮ ದಿನಾ ಬೆಳಿಗ್ಗೆ ಬಾಗಿಲಲ್ಲಿ ಕೂತ್ಕೊಳ್ಳೋರು. ಬೈಲಿಲ್ಲ ಕಣೋ. ಒಂದು ಮಾತೂ ಆಡ್ಲಿಲ್ಲ. ನಮ್ಮನೆ ಕಡೆ ನೋಡ್ತಾ ಇರೋರು. ನಾನು ಕಿಟಕಿ ತೆಗೆಯೋದು ಬಿಟ್ಟೆ. ಆಮೇಲೆ ದೀಪ ಹಾಕೋದು ಬಿಟ್ಟೆ. ನಾನೆಲ್ಲಾದ್ರೂ ನಕ್ಕು, ಅದು ಅವರಿಗೆ ಕೇಳಿಸಿಬಿಟ್ರೆ ಅಂತ... ಕೊನೆಗೆ ಮನೇನೇ ಬಿಟ್ಟೆ."

ಪೆನ್ಸಿಲ್ ನಿಂತಿತು.

"ಯಾವಾಗ?"

"ನೀನು ಒಳಗೆ ಬಂದ ವರ್ಷವೇ."

"ಬೆಕ್ಕು?"

"ಇಲ್ಲ."

"ಬೇಕರಿಯೋನು?"

"ಅವನಿದ್ದಾನೆ. ಆ ಹೊಟ್ಟೆ ಹೊತ್ಕೊಂಡು ಮರ ಹತ್ತೋದುಂಟಾ?"

ನಗಲಿಲ್ಲ. ಹಣೆ ಮೇಜಿಗಿಟ್ಟ. ಭುಜ ಅಲುಗುತ್ತಿತ್ತು. ತಲೆ ಸವರಬೇಕಿತ್ತು. ಗಾಜು ಸವರಿದೆ. ಗಡಿಯಾರಣ್ಣ ಹತ್ತಿರ ಬಂದರು. ಗಡಿಯಾರ ನೋಡಿದರು. ಗೋಡೆ ಕಡೆ ತಿರುಗಿ ನಿಂತರು.

ಬಹಳ ಹೊತ್ತಿನ ಮೇಲೆ ಫೋನು ಎತ್ತಿದ.

"ಕಣ್ಣು ಮುಚ್ಚಿ ಅಲ್ಲಿ ಅಡ್ಡಾಡೋವಾಗ ದೊಡ್ಡಮ್ಮನ ಬಾಗಿಲು ಮುಚ್ಚೇ ಇಟ್ಟಿದ್ದೆ ಅಕ್ಕ, ದಿನಾಲೂ."

"ಗೊತ್ತು ಪುಟ್ಟ. ನಾನೂ ಕಥೇಲಿ ತೆಗೀಲಿಲ್ಲ."

ಬರೆದುಕೊಂಡ. ನಿಧಾನವಾಗಿ, ಒಂದೊಂದೇ ಅಕ್ಷರ. ಆಮೇಲೆ ಮುಖ ಒರೆಸಿಕೊಂಡು, "ಈಗ ನೀನಿರೋ ಬೀದಿ ಹೇಳು" ಎಂದ.

ಬಾಯಿ ತೆರೆದೆ. ಹೇಳಲು ಒಂದು ಬಾಗಿಲೂ ನೆನಪಾಗಲಿಲ್ಲ. ಕಥೆಯ ಮೂಟೆ ಹೊತ್ತು ತಿರುಗುವವಳು ನಾನು! ಐದು ವರ್ಷದಿಂದ ಆ ಬೀದಿಯಲ್ಲಿದ್ದೇನೆ, ಕಣ್ಣೆತ್ತಿ ನೋಡಿಲ್ಲ.

"ಬುಧವಾರ ಹೇಳ್ತೀನಿ," ಎಂದೆ.

ಜುಲೈ 24, ಬೆಳಿಗ್ಗೆ

ಕಿಟಕಿ ಬಿಗಿದುಕೊಂಡಿತ್ತು. ಗುದ್ದಿ ಗುದ್ದಿ ತೆಗೆದೆ. ಹೊಲಿಗೆ ಮೆಷಿನ್ನನ್ನೂ ಇಲ್ಲಿಗೇ ಎಳೆದುಕೊಂಡಿದ್ದೇನೆ. ಎದುರುಮನೆಗೆ ಹಳದಿ ಬಾಗಿಲು — ಹಳದಿ ಎಂದು ಇವತ್ತೇ ಗೊತ್ತಾದದ್ದು. ಪಕ್ಕದಲ್ಲಿ ಸೈಕಲ್ ರಿಪೇರಿಯವನು. ಸೈಕಲ್ಲಿನ ಜೊತೆ ಮಾತಾಡುತ್ತಾನೆ! ಕಟ್ಟಿ ಹೇಳುತ್ತಿಲ್ಲ, ನಿಜ. ಹಟಮಾರಿ ಮಗುವನ್ನು ಗದರಿದ ಹಾಗೆ ಗದರುತ್ತಿದ್ದಾನೆ. ಹಳದಿ ಬಾಗಿಲು ತೆಗೆಯಿತು. ಒಬ್ಬರು ಅಜ್ಜಿ. ನೇರ ನನ್ನ ಕಡೆಗೇ ನೋಡುತ್ತಿದ್ದಾರೆ. ಕೈ ಎತ್ತಿದರು. ಏನೋ ಕೇಳುತ್ತಿದ್ದಾರೆ, ಸರಿಯಾಗಿ ಕೇಳಿಸುತ್ತಿಲ್ಲ, ತಾಳಿ ಅಜ್ಜಿ —