ನಿಯೆಲುಸಲ್ಮಿಯ ಮಂಜುಗಡ್ಡೆಯೂ ನೀವು ಕತ್ತರಿಸಿದ ಮೌನವೂ

ವಿಶ್ವವಿದ್ಯಾಲಯದ ಮಾನ್ಯ ಸಂವಹನ ನಿರ್ದೇಶಕರೇ,

ನಿಮ್ಮ ಕಚೇರಿ ತಯಾರಿಸಿದ ಒಂದೂವರೆ ನಿಮಿಷದ ಚಿತ್ರವೊಂದರಲ್ಲಿ ನಾನಿದ್ದೇನೆ. ಅದು ಸುಳ್ಳು ಹೇಳುತ್ತಿದೆ, ತೆಗೆದುಹಾಕಿ ಎಂದು ಕಳೆದ ವಸಂತದಿಂದ ಕೇಳುತ್ತಿದ್ದೇನೆ. ನೀವು ತೆಗೆದಿಲ್ಲ. ಇವತ್ತು ಬೆಳಿಗ್ಗೆ ಎದ್ದು ಕಿಟಕಿ ಪರದೆ ಸರಿಸಿದರೆ ಕೊಲ್ಲಿಯ ನೀರಿನ ಮೇಲೆ ಈ ವರ್ಷದ ಮೊದಲ ಮಂಜುಗಡ್ಡೆ ಕೂತಿತ್ತು. ಇನ್ನು ಕೆಲವೇ ವಾರ, ಜನ ಅದರ ಮೇಲೆ ಕಾಲಿಡುತ್ತಾರೆ. ನಿಮ್ಮ ಕಚೇರಿಯ ಬಾಗಿಲು ತಟ್ಟಿ ಸಾಕಾಗಿದೆ. ಆದ್ದರಿಂದ ಊರೆಲ್ಲ ಓದುವ ಪತ್ರಿಕೆಯಲ್ಲೇ ಬರೆಯುತ್ತಿದ್ದೇನೆ.

ಚಿತ್ರ ನೋಡದವರಿಗಾಗಿ ಎರಡು ಮಾತು. ಈ ಮಹನೀಯರ ಕಚೇರಿ ಕಳೆದ ವರ್ಷ 'ಗಡಿಗಳಾಚೆ' ಎಂಬ ಮಾಲಿಕೆ ಶುರುಮಾಡಿತು. ಒಬ್ಬ ವಿಜ್ಞಾನಿ, ಒಬ್ಬ ಮಾನವಿಕ ಶಾಸ್ತ್ರದವರು, ನಡುವೆ ಕಾಫಿ ಹೂಜಿ, ಎದುರಿಗೆ ಕ್ಯಾಮೆರಾ. ಇಬ್ಬರೂ ತಮ್ಮ ತಮ್ಮ ಸಂಶೋಧನೆಯ ಬಗ್ಗೆ ಮಾತಾಡಬೇಕು. ಆಲೋಚನೆಯೇನೋ ಚೆನ್ನಾಗಿತ್ತು, ಅದನ್ನು ಅಲ್ಲಗಳೆಯುವುದಿಲ್ಲ. ನಾನು ಈ ಸರೋವರ ಸೀಮೆಯ ಊರು, ಕೊಲ್ಲಿ, ದಿಬ್ಬಗಳ ಹೆಸರುಗಳನ್ನು ಅಧ್ಯಯನ ಮಾಡುವವಳು. ನನ್ನೆದುರು ಕೂತವರು ಇಲ್ಪೊ ರೌತಿಯೊ, ಮಂಜುಗಡ್ಡೆಯ ಭೌತವಿಜ್ಞಾನಿ. ನಮ್ಮ ಚರ್ಚೆಯ ವಿಷಯ ನಿಯೆಲುಸಲ್ಮಿ, ಅಂದರೆ ಸರೋವರದ ಎರಡು ದಡಗಳು ಹತ್ತಿರ ಬಂದು ನೀರು ಇಕ್ಕಟ್ಟಾಗುವ ಜಾಗ. 'ನಿಯೆಲು' ಎಂದರೆ ಗಂಟಲು. ಯಾರನ್ನೋ ನುಂಗಿದ ಮೇಲೆ ಇಟ್ಟ ಹೆಸರು ಎಂಬುದು ನನ್ನ ವಾದ. ಅದರ ಪಕ್ಕದಲ್ಲಿ ನೆಲ ಚಾಚಿಕೊಂಡ ಮೂಲೆಯನ್ನು ಹಳಬರು 'ಸುತ್ತಿಹೋಗುವ ಮೂಲೆ' ಎನ್ನುತ್ತಿದ್ದರು. ನಮ್ಮಮ್ಮನೂ ಅಷ್ಟೇ. "ಗಂಟಲೊಳಗೆ ಕಾಲಿಡ್ಬೇಡ್ರೇ, ಮೂಲೆ ಸುತ್ಕೊಂಡ್ ಬನ್ನಿ" ಎನ್ನದೆ ನಮ್ಮನ್ನು ಮಂಜಿನ ಮೇಲೆ ಬಿಟ್ಟವಳಲ್ಲ.

ಆ ದಿನ ಇಲ್ಪೊ ಅವರು, ಫೆಬ್ರವರಿಯಲ್ಲಿ ತಾವು ಅಲ್ಲಿ ರಂಧ್ರ ಕೊರೆದು ಅಳೆದದ್ದನ್ನು ಹೇಳಿದರು. "ನಾನು ಅಳೆದ ಕಡೆ ಐಸು ಗಟ್ಟಿಯಾಗಿದೆ. ಕಾರೂ ತಡ್ಕೊಳುತ್ತೆ" ಎಂದರು. ಆಗ ನಾನು ಕೇಳಿದೆ: "ಹಾಗಿದ್ರೆ ಹಿಂದಿನೋರು ಅದನ್ನ ಗಂಟಲು ಅಂತ ಯಾಕ್ರೀ ಕರೆದ್ರು?"

ಇಲ್ಪೊ ಸುಮ್ಮನಾದರು. ಲೋಟ ನೋಡಿದರು. ಕಿಟಕಿಯಾಚೆ ನೋಡಿದರು. ಹೂಜಿಯ ಹಬೆ ಆರುವಷ್ಟು ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು: "ಗೊತ್ತಿಲ್ಲ ಹೆಲ್ಕಾ. ನಾನು ಕೊರೆದಿದ್ದು ಮೂರೇ ಕಡೆ. ಕೆಳಗಿನ ಸೆಳೆತ ಮಾರ್ಚ್ ತಿಂಗಳಲ್ಲಿ ಏನ್ ಮಾಡುತ್ತೋ ನಾನು ನೋಡಿಲ್ಲ. ನನ್ನ ಯಂತ್ರಕ್ಕಿಂತ ನಿಮ್ಮ ಹೆಸರು ಜಾಸ್ತಿ ಚಳಿಗಾಲ ನೋಡಿದೆ. ನಾನಂತೂ ಮೂಲೆ ಸುತ್ಕೊಂಡೇ ಹೋಗೋದು."

ಸ್ವಾಮೀ, ಮೂವತ್ತು ವರ್ಷ ವಿಶ್ವವಿದ್ಯಾಲಯದಲ್ಲಿ ಕೂತು ನಾನು ಕೇಳಿದ ಅತ್ಯಂತ ವಿದ್ವತ್ಪೂರ್ಣ ಮಾತು ಅದು. ಅಲ್ಲೇ ನಾವಿಬ್ಬರೂ ಮುಂದಿನ ಚಳಿಗಾಲದಲ್ಲಿ ಹಳೆಯ ಹೆಸರುಗಳು ತೋರಿಸಿದ ಕಡೆಯಲ್ಲೆಲ್ಲ ಕೊರೆದು ನೋಡೋಣ ಎಂದು ಮಾತಾಡಿಕೊಂಡೆವು. ಗಡಿಯಾಚೆಗೆ ಹೋಗುವುದು ಎಂದರೆ ಇದೇ ಅಲ್ಲವೇ? ನಿಮ್ಮ ಮಾಲಿಕೆ ಹುಡುಕುತ್ತಿದ್ದ ಮಾಣಿಕ್ಯ ನಿಮ್ಮ ಮೇಜಿನ ಮೇಲೇ ಬಂದು ಬಿದ್ದಿತ್ತು.

ನೀವು ಅದನ್ನು ಗುಡಿಸಿ ಕಸದ ಬುಟ್ಟಿಗೆ ಹಾಕಿದಿರಿ. ನಿಮ್ಮ ಚಿತ್ರದಲ್ಲಿ ನಾನು ಕೇಳುತ್ತೇನೆ: ಹಿಂದಿನವರು ಗಂಟಲು ಅಂತ ಯಾಕೆ ಕರೆದರು? ಇಲ್ಪೊ ಉಸಿರು ಕೂಡ ತೆಗೆದುಕೊಳ್ಳದೆ ಉತ್ತರಿಸುತ್ತಾರೆ: ಐಸು ಗಟ್ಟಿಯಾಗಿದೆ, ಕಾರೂ ತಡ್ಕೊಳುತ್ತೆ. ಆಮೇಲೆ ನಾನು, ಹೌದಲ್ಲವೇ ಎನ್ನುವಂತೆ, ಮುಗುಳ್ನಕ್ಕು ತಲೆದೂಗುತ್ತೇನೆ. ತಂತಿವಾದ್ಯದ ಮಧುರ ನಾದ. ಪರದೆಯ ಮೇಲೆ ದಪ್ಪ ಅಕ್ಷರ: 'ಹಳೆಯ ನಂಬಿಕೆಗೆ ಹೊಸ ವಿಜ್ಞಾನದ ಉತ್ತರ'. ಥೂ! ಅದನ್ನು ಮೊದಲ ಸಲ ನೋಡಿದಾಗ ನನಗೆ ಬರೀ ಮುಜುಗರವಾಗಿತ್ತು. ಇರಲಿ ಬಿಡು, ಯಾರು ನೋಡುತ್ತಾರೆ ಇದನ್ನೆಲ್ಲ ಅಂದುಕೊಂಡೆ.

ನಮ್ಮಕ್ಕ ನೋಡಿದಳು. ಅಕ್ಕ ಲೆಂಪಿಯ ಮನೆ ನಿಯೆಲುಸಲ್ಮಿಯ ಈಚೆ ದಡದಲ್ಲಿದೆ. ಪ್ರತಿ ವಾರ ಆಚೆ ದಡದ ಗೆಳತಿಯ ಮನೆಗೆ ರೈ ಧಾನ್ಯದ ಹಿಟ್ಟಿನ ಕಡುಬು ಮಾಡಲು ಹೋಗುತ್ತಾಳೆ. ಇಬ್ಬರು ಮುದುಕಿಯರು ಕೂತು ಇಡೀ ಕೇರಿಗೆ ಆಗುವಷ್ಟು ಕಡುಬಿನ ಅಂಚು ಮಡಿಚುತ್ತಾರೆ, ಇಡೀ ಕೇರಿಯವರ ಮೇಲೆ ಚಾಡಿ ಹೇಳುತ್ತಾರೆ. ಎಪ್ಪತ್ತು ವರ್ಷ ದಾಟುವವರೆಗೂ ಚಳಿಗಾಲದಲ್ಲಿ ಆಕೆ ಒದ್ದುಕೊಂಡು ಹೋಗುವ ಜಾರುಗಾಡಿ ಮೂಲೆ ಸುತ್ತಿಯೇ ಹೋಗಿದೆ. ಮಾರ್ಚ್ ತಿಂಗಳ ಒಂದು ಬಿಸಿಲಿನ ಬೆಳಿಗ್ಗೆ ಮಾತ್ರ ನೇರವಾಗಿ ಹೋಯಿತು. ಅವಳ ನಾಯಿ ನಪ್ಪು ನಡುದಾರಿಯಲ್ಲಿ ಮೂತಿ ತಗ್ಗಿಸಿ ಕೂತುಬಿಟ್ಟಿತಂತೆ. "ಏಳೋ ಸೋಮಾರಿ, ವಿಜ್ಞಾನಿಗಳೇ ಹೇಳಿದಾರೆ, ನಡಿ" ಎಂದು ಗದರಿದಳಂತೆ. ನಾಯಿ ಏಳಲಿಲ್ಲ. ಅಕ್ಕ ಮುಂದೆ ಹೋದಳು. ಗಂಟಲು ತನ್ನ ಕೆಲಸ ಮಾಡಿತು.

ಮಂಜಿನ ಮೇಲೆ ಹೋಗುವವರೆಲ್ಲ ಕೊರಳಲ್ಲಿ ನೇತುಹಾಕಿಕೊಳ್ಳುವ ಹಿಡಿಯಿರುವ ಮೊಳೆಗಳನ್ನು ಮಂಜುಗಡ್ಡೆಗೆ ಚುಚ್ಚಿ ಚುಚ್ಚಿ ಹೊಟ್ಟೆಯ ಮೇಲೆ ತೆವಳಿ ನೀರಿನಿಂದ ಮೇಲೆ ಬಂದಳು. ನಾಯಿ ಬೊಗಳುವುದನ್ನು ಕೇಳಿ ಆಚೆ ದಡದವರು ಓಡಿ ಬಂದರು. ಬದುಕಿದಳು. ಕಾಲಿನ ಎರಡು ಬೆರಳು ಹೋದವು. ಕೈಬೆರಳುಗಳ ತುದಿಗೆ ಇವತ್ತಿಗೂ ಸ್ಪರ್ಶವಿಲ್ಲ, ಕಡುಬಿನ ಅಂಚು ಮಡಿಚಲು ಬರುವುದಿಲ್ಲ. ಹಿಟ್ಟು ಕೈಯಲ್ಲಿದೆಯೋ ಇಲ್ಲವೋ ಎಂದು ಕಣ್ಣಿಂದ ನೋಡಿ ತಿಳಿಯಬೇಕು.

ಆಸ್ಪತ್ರೆಯಲ್ಲಿ ನನ್ನನ್ನು ಕಂಡ ಕೂಡಲೇ ಅವಳು ಅಂದ ಮಾತನ್ನು ಹಾಗೆಯೇ ಬರೆಯುತ್ತೇನೆ, ಕತ್ತರಿಸದೆ. "ಆ ಐಸು ಕೊರೆಯೋ ಮನುಷ್ಯ ಸಾವಿರ ಹೇಳ್ಲಿ, ನಾನು ಕೇಳ್ತಿದ್ನೇನೇ? ಅಮ್ಮ ಹೇಳಿದ್ದು ಸುಳ್ಳು ಅಂತ ನೀನು ಹೂಂ ಅಂದ್ಯಲ್ಲೇ. ನೀನು ತಲೆ ಆಡಿಸಿದ್ದು ನೋಡಿ ಹೋದೆ ಕಣೇ ನಾನು."

ಅಷ್ಟು ಹೊತ್ತಿಗೆ ನನಗೆ ನೆನಪಾಗಿತ್ತು, ಆ ತಲೆದೂಗಿದ್ದು ಯಾವುದಕ್ಕೆ ಎಂದು. ನಮ್ಮ ಮಾತು ಶುರುವಾಗುವ ಮೊದಲು, ಕ್ಯಾಮೆರಾ ಆಗಲೇ ಓಡುತ್ತಿದ್ದಾಗ, ನಿಮ್ಮ ಕ್ಯಾಮೆರಾದ ತರುಣ, ಒಳ್ಳೆಯವನೇ ಪಾಪ, ಹೂಜಿ ಎತ್ತಿ ಕೇಳಿದ್ದ: "ಇನ್ನೊಂಚೂರು ಕಾಫಿ ಹಾಕ್ಲಾ ಮೇಡಂ?" ನಾನು ಮುಗುಳ್ನಕ್ಕು ಹೂಂ ಎಂದೆ. ಅದೇ ಹೂಂ ಅನ್ನು ಕಿತ್ತು ತಂದು ನೀವು ನಿಯೆಲುಸಲ್ಮಿಯ ಮಂಜುಗಡ್ಡೆಯ ಮೇಲೆ ಅಂಟಿಸಿದಿರಿ. ಇದನ್ನು ಅಕ್ಕನಿಗೆ ಹೇಳಿದೆ. ಅವಳು ಕೇಳಿದಳು: "ಆ ಕಾಫಿನಾದ್ರೂ ಚೆನ್ನಾಗಿತ್ತಾ?"

"ಇಲ್ಲ ಕಣೇ," ಎಂದೆ, "ಕಲಗಚ್ಚು."

ಮರುವಾರ ನಿಮ್ಮ ಕಚೇರಿಗೆ ಬಂದೆ. ನೆನಪಿದೆಯೇ? ಕುರ್ಚಿ ಕೊಟ್ಟಿರಿ. ವಿಷಾದ ವ್ಯಕ್ತಪಡಿಸಿದಿರಿ, ಆ ಕೆಲಸದಲ್ಲಿ ನಿಮ್ಮನ್ನು ಮೀರಿಸುವವರಿಲ್ಲ. ಆಮೇಲೆ ಹೇಳಿದಿರಿ: "ನೋಡಿ ಮೇಡಂ, ಅದರಲ್ಲಿ ಒಂದೇ ಒಂದು ಪದ ನಾವು ಸೇರಿಸಿಲ್ಲ. ಎಲ್ಲಾ ನೀವಿಬ್ರೂ ಆಡಿದ ಮಾತೇ." ನಿಜ. ಸುಳ್ಳನ್ನು ಇಷ್ಟು ಚೊಕ್ಕವಾಗಿ, ಸಂಪೂರ್ಣವಾಗಿ ನಿಜದ ತುಂಡುಗಳಿಂದಲೇ ಕಟ್ಟಬಹುದು ಎಂದು ನನಗೆ ತಿಳಿದಿರಲಿಲ್ಲ. 'ಗೊತ್ತಿಲ್ಲ' ಎಂದದ್ದು ಎಲ್ಲಿ ಹೋಯಿತು ಎಂದು ಕೇಳಿದೆ. "ವಿಶ್ವವಿದ್ಯಾಲಯದೋರೇ ಗೊತ್ತಿಲ್ಲ ಅಂದ್ರೆ ಜನ ಏನಂದ್ಕೊಳ್ತಾರೆ?" ಎಂದಿರಿ. ಅಷ್ಟು ಹೊತ್ತು ಸುಮ್ಮನೆ ಕೂತಿದ್ದು? "ಅದು ಖಾಲಿ ಜಾಗ ಮೇಡಂ. ಯಾರೂ ಮಾತಾಡ್ದಿದ್ರೆ ಜನ ಬೆರಳು ಜಾರಿಸಿ ಮುಂದೆ ಹೋಗ್ತಾರೆ."

ಖಾಲಿ ಜಾಗವಂತೆ! ನೀವೇನು ಪರದೇಶದಿಂದ ಇಳಿದು ಬಂದವರೇ? ಈ ಸೀಮೆಯಲ್ಲೇ ಹುಟ್ಟಿದವರು, ಇದೇ ಸರೋವರದ ಮೀನು ತಿಂದವರು. ಮೌನಂ ಸಮ್ಮತಿಲಕ್ಷಣಂ ಎನ್ನುವ ಮಾತು ಯಾವ ಸೀಮೆಯಲ್ಲಿ ನಡೆಯುತ್ತದೋ ನಡೆಯಲಿ, ನಮ್ಮಲ್ಲಿ ನಡೆಯುವುದಿಲ್ಲ. ನಿಮ್ಮಪ್ಪನನ್ನು ದೋಣಿ ಕೇಳಿದಾಗ ಆತ ಸುಮ್ಮನೆ ಕೂತಿದ್ದರೆ ದೋಣಿ ಸಿಕ್ಕುವುದಿಲ್ಲ ಎಂದು ನಿಮಗೆ ಐದನೇ ವಯಸ್ಸಿಗೇ ಗೊತ್ತಿರಲಿಲ್ಲವೇ? ಹಾಗಿರುವಾಗ ಒಬ್ಬ ವಿಜ್ಞಾನಿ ತನ್ನ ಅಳತೆಯನ್ನೇ ಅನುಮಾನಿಸುತ್ತ ಕೂತ ಆ ಹೊತ್ತು ನಿಮ್ಮ ಕಣ್ಣಿಗೆ ಖಾಲಿಯಾಗಿ ಕಂಡದ್ದಾದರೂ ಹೇಗೆ? ಮಾತು ಬೆಳ್ಳಿ, ಮೌನ ಬಂಗಾರ ಎನ್ನುತ್ತಾರೆ. ನೀವು ಬಂಗಾರ ಬಿಸಾಕಿ ಬೆಳ್ಳಿಗೆ ಪಾಲಿಶ್ ಹಾಕಿದಿರಿ.

ಅಷ್ಟಕ್ಕೇ ನಿಂತಿದ್ದರೆ ಪರವಾಗಿಲ್ಲ ಎನ್ನುತ್ತಿದ್ದೆನೇನೋ. ನಾನು ಎದ್ದು ಹೊರಟಾಗ ನೀವು ಬಾಗಿಲವರೆಗೂ ಬಂದಿರಿ, ದನಿ ತಗ್ಗಿಸಿದಿರಿ. ಚಿತ್ರದ ಕೆಳಗೆ 'ಮಂಜಿನ ಮೇಲೆ ಓಡಾಟ ಅವರವರ ಜವಾಬ್ದಾರಿ' ಎಂದು ಒಂದು ಸಾಲು ಹಾಕಿಸುವುದಾಗಿ ಹೇಳಿದಿರಿ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವುದು ಎಂದರೆ ಇದೇ. ಆ ಬಾಗಿಲೂ ಇರುವೆ ಗಾತ್ರದ ಅಕ್ಷರದ್ದು. ಆಮೇಲೆ ಕೇಳಿದಿರಿ: "ನಿಮ್ಮ ಅಕ್ಕ ಕ್ಯಾಮೆರಾ ಮುಂದೆ ಮಾತಾಡ್ತಾರಾ? ಮುಂದಿನ ಕಂತಿಗೆ ಬಹಳ ಮನಮುಟ್ಟೋ ಕಥೆ ಆಗುತ್ತೆ."

ಉರಿಯುವ ಮನೆಯಲ್ಲಿ ಗಳ ಹಿರಿಯುವವರ ಬಗ್ಗೆ ಕೇಳಿದ್ದೆ. ತಾವೇ ಬೆಂಕಿ ಹಚ್ಚಿದ ಮನೆಗೆ ಮತ್ತೆ ಬಂದು, ನಯವಾಗಿ ಬಾಗಿಲು ತಟ್ಟಿ, ಗಳ ಕೇಳುವವರನ್ನು ಅವತ್ತೇ ನೋಡಿದ್ದು. ನನಗೆ ಕೋಪ ಬರಲಿಲ್ಲ ಸ್ವಾಮೀ. ಕೋಪ ಬರಲು ಎದುರಿಗಿರುವವರ ಮೇಲೆ ಒಂದಿಷ್ಟು ಗೌರವ ಇರಬೇಕು. ನನಗೆ ಬಂದದ್ದು ವಾಕರಿಕೆ.

ಇಲ್ಪೊ ಈಗ ಕಾಫಿ ಕೋಣೆಗೆ ಬರುವುದಿಲ್ಲ. ಹಿಂದೆ ಅದೇ ಮೇಜಿನಲ್ಲಿ ಚರ್ಚಿನ ಹಾಡು ಸಂಗ್ರಹಿಸುವವರು, ಪಾಚಿ ಅಭ್ಯಾಸ ಮಾಡುವವರು, ನಾನು, ಅವರು, ಎಲ್ಲರೂ ಒಬ್ಬರ ವಿಷಯಕ್ಕೆ ಒಬ್ಬರು ಮೂಗು ತೂರಿಸಿ ಜಗಳ ಆಡುತ್ತಿದ್ದೆವು. ಈಗ ಎಲ್ಲರಿಗೂ ಬಾಯಿ ತೆರೆಯಲು ಭಯ. 'ಇರಬಹುದು' ಎಂದದ್ದು 'ಇದೆ' ಎಂದಾಗಿ ಹೊರಬಿದ್ದರೆ? ಗಡಿ ಒಡೆಯುತ್ತೇವೆಂದು ಬಂದ ನೀವು ಒಬ್ಬೊಬ್ಬರ ಸುತ್ತಲೂ ಗೋಡೆ ಎಬ್ಬಿಸಿ ಹೋಗಿದ್ದೀರಿ.

ಆದರೆ ಇಲ್ಪೊ ಒಂದು ಕಡೆ ಹೋಗಿದ್ದರು. ಲೆಂಪಿ ಆಸ್ಪತ್ರೆಯಲ್ಲಿದ್ದಾಗ, ಯಾರಿಗೂ ಹೇಳದೆ ಬಸ್ಸು ಹತ್ತಿ ಬಂದು, ಟೋಪಿಯನ್ನು ತೊಡೆಯ ಮೇಲಿಟ್ಟುಕೊಂಡು ಅವಳ ಹಾಸಿಗೆ ಪಕ್ಕ ಕೂತರು. ನಾನೂ ಇದ್ದೆ. ಕ್ಷಮಿಸಿ ಎನ್ನಲಿಲ್ಲ, ನನ್ನ ತಪ್ಪಲ್ಲ ಎನ್ನಲೂ ಇಲ್ಲ. ಸುಮ್ಮನೆ ಕೂತರು. ದಾದಿಯರು ಊಟದ ತಟ್ಟೆ ತಂದಿಟ್ಟರು, ತೆಗೆದುಕೊಂಡು ಹೋದರು, ಇಲ್ಪೊ ಕೂತೇ ಇದ್ದರು. ಕೊನೆಗೆ ಲೆಂಪಿಯೇ ಬಾಯಿಬಿಟ್ಟಳು.

"ಆ ಸಿನಿಮಾದಲ್ಲೂ ಹೀಗೇ ಸುಮ್ನೆ ಕೂತಿದ್ರೆ ನಾನು ಖಂಡಿತ ಹೋಗ್ತಿರ್ಲಿಲ್ಲ ನೋಡಿ."

"ಕೂತಿದ್ದೆ," ಎಂದರು ಇಲ್ಪೊ.

ಆದ್ದರಿಂದ ನನ್ನ ಬೇಡಿಕೆ ಇಷ್ಟೇ. ನನಗೆ ನಿಮ್ಮ ವಿಷಾದ ಬೇಡ, ಸಮಿತಿ ಬೇಡ, ಇರುವೆ ಗಾತ್ರದ ಅಕ್ಷರಗಳೂ ಬೇಡ. ಕೊಲ್ಲಿಯ ಮಂಜುಗಡ್ಡೆ ಒಂದು ನಾಯಿಯ ಭಾರ ಹೊರುವಷ್ಟು ಗಟ್ಟಿಯಾಗುವ ಮೊದಲು ಆ ಚಿತ್ರವನ್ನು ಕಿತ್ತುಹಾಕಿ. ಈ ಊರಿಗೆ ಹೊಸದಾಗಿ ಬಂದವರು, ನಮ್ಮಮ್ಮನಂಥ ಅಮ್ಮ ಇಲ್ಲದವರು, ಇವತ್ತೂ ನಿಯೆಲುಸಲ್ಮಿ ಎಂದು ಹುಡುಕಿದರೆ ಮೊದಲು ಸಿಗುವುದು ನನ್ನ ಆ ಹಾಳು ಮುಗುಳ್ನಗೆಯೇ. ಅದರ ಜಾಗದಲ್ಲಿ ಇಲ್ಪೊ ಸುಮ್ಮನೆ ಕೂತದ್ದನ್ನು ಹಾಕಿ, ಮೊದಲಿಂದ ಕೊನೆಯವರೆಗೆ, ಸಂಗೀತವಿಲ್ಲದೆ. ಜನ ಬೆರಳು ಜಾರಿಸಿ ಮುಂದೆ ಹೋಗುತ್ತಾರೆ ಎಂದಿರಲ್ಲ, ಹೋಗಲಿ ಬಿಡಿ. ಈ ಊರಿನವರು ನಿಲ್ಲುತ್ತಾರೆ. ಅಷ್ಟು ಹೊತ್ತು ಮಾತಾಡದ ಮನುಷ್ಯನನ್ನು ನೋಡಿ ಮೂಲೆ ಸುತ್ತಿಕೊಂಡು ಹೋಗುತ್ತಾರೆ.

ಇಂತಿ,
ಇನ್ನೊಂಚೂರು ಕಾಫಿಗೆ ಹೂಂ ಎಂದವಳು, ಮತ್ತಾವುದಕ್ಕೂ ಅಲ್ಲ,
ಹೆಲ್ಕಾ ತುರ್ಪೆಯಿನೆನ್
ಸ್ಥಳನಾಮ ಅಧ್ಯಯನ ವಿಭಾಗ