ಎಂಟು ಗಂಟೆಯ ಬಸ್ಸಿಗೆ ಹದಿನೈದು ಜನ

ಗುರುವಾರ, ಮಧ್ಯಾಹ್ನ
(ಅತ್ತೆ ಮಲಗಿದ್ದಾರೆ, ಊರೂ ಮಲಗಿದೆ)

ನನ್ನ ಚಿನ್ನದಂಥ ಅಮ್ಮಾ,

ಮೊದಲು ನಿನ್ನ ಪ್ರಶ್ನೆಗೆ ಉತ್ತರ. ಚೆನ್ನಾಗಿದ್ದೇನೆ. ತುಂಬಾ ತುಂಬಾ ಚೆನ್ನಾಗಿದ್ದೇನೆ! ನಿನ್ನ ಅಳಿಯ ದಿನಾ ಕಾಗದ ಹಂಚಲು ಹೊರಡುವಾಗ ಸೈಕಲ್ ಬೆಲ್ ಎರಡು ಸಲ ಹೊಡೆಯುತ್ತಾರೆ. ಮೊದಲನೆಯದು ಊರಿಗೆ, ಎರಡನೆಯದು ನನಗೆ. ಮದುವೆಯಾಗಿ ಮೂರು ತಿಂಗಳಾದರೂ ಎರಡನೆಯ ಬೆಲ್ಲಿಗೆ ನನಗೆ ನಾಚಿಕೆಯಾಗುತ್ತದೆ. ಅತ್ತೆ ಒಳಗಿನಿಂದಲೇ, "ಬೆಲ್ ಸವೆದುಹೋಗುತ್ತೆ ಕಣೋ, ಸರ್ಕಾರದ್ದು" ಅಂತ ಕೂಗುತ್ತಾರೆ.

ಫೋನ್ ಇರುವಾಗ ಕಾಗದ ಯಾಕೆ ಅಂತ ಅಪ್ಪ ಗೊಣಗಿದರಂತೆ. ಇಲ್ಲಿ ಫೋನ್ ಸಿಗಬೇಕಾದರೆ ನೀರಿನ ಟ್ಯಾಂಕ್ ಹತ್ತಬೇಕು, ಅಮ್ಮ. ಹೊಸ ಸೊಸೆ ಟ್ಯಾಂಕ್ ಹತ್ತಿದರೆ ಊರೆಲ್ಲ ಬಂದು ಕೆಳಗೆ ನಿಲ್ಲುತ್ತೆ. ಅದೂ ಅಲ್ಲದೆ ಪೋಸ್ಟ್‌ಮ್ಯಾನ್ ಹೆಂಡತಿಯೇ ಕಾಗದ ಬರೆಯದಿದ್ದರೆ ಗಂಡನ ಹೊಟ್ಟೆಪಾಡೇನು? ಶಾಲೆಯಲ್ಲೆಲ್ಲ ಇಂಗ್ಲಿಷಿನಲ್ಲೇ ಬರೆದ ಕೈ ಇದು, ಮನೆಮಾತಿನಲ್ಲಿ ಇಷ್ಟುದ್ದ ಬರೆಯುತ್ತಿರುವುದು ಇದೇ ಮೊದಲು. ತಪ್ಪಿದ್ದಲ್ಲಿ ಅಪ್ಪ ಕೆಂಪು ಪೆನ್ನು ಎತ್ತಬಾರದು, ಹೇಳಿಬಿಡು.

ನಿನಗೆ ನಗು ಬರುವ ಒಂದು ವಿಷಯ ಹೇಳಲಾ? ನನಗೆ ನಮ್ಮ ಓಣಿಯ ಗದ್ದಲ ನೆನಪಾಗುತ್ತೆ. ಬೆಳಿಗ್ಗೆ ಐದಕ್ಕೆ ನಲ್ಲಿ ಮುಂದೆ ಕೊಡಗಳ ಜಗಳ, ಪಕ್ಕದ ಮನೆಯ ಕುಕ್ಕರ್ ಕೂಗಿದರೆ ನೀನು ನಮ್ಮ ಒಲೆ ಆರಿಸುತ್ತಿದ್ದದ್ದು, ಎದುರಿನ ಕಟ್ಟಡದ ಮೂರನೇ ಮಹಡಿಯವರು ಕೆಮ್ಮಿದರೆ ಅಪ್ಪ ನಮ್ಮ ಮನೆಯಿಂದಲೇ "ಬಿಸಿನೀರು ಕುಡೀರಿ" ಅನ್ನುತ್ತಿದ್ದದ್ದು. ನಾನು ಆರು ವರ್ಷದವಳಿದ್ದಾಗ ಓಣಿಯಲ್ಲಿ ಇದ್ದದ್ದೇ ಹನ್ನೆರಡು ಮನೆ. ತಾರಸಿ ಮೇಲೆ ಅಪ್ಪನ ಹೆಗಲೇರಿ ಸಂಜೆಯ ರೈಲಿನ ಡಬ್ಬಿ ಎಣಿಸುತ್ತಿದ್ದೆ. ಆಮೇಲೆ ಎದುರಿಗೆ ಒಂದು ಮಹಡಿ ಎದ್ದಿತು, ಎರಡೆದ್ದಿತು, ಮೂರನೆಯದು ಎದ್ದ ದಿನ ರೈಲು ಕಾಣೆಯಾಯಿತು. ಅವತ್ತು ಎಷ್ಟು ಅತ್ತಿದ್ದೆ, ನೆನಪಿದೆಯಾ? ನೀನು, "ಅವರೂ ಎಲ್ಲಾದರೂ ಇರಬೇಡವೇನೇ?" ಅಂದಿದ್ದೆ. ನಾನು, "ಅವರ ಊರಲ್ಲೇ ಇರಲಿ" ಅಂದಿದ್ದೆ.

ಅಮ್ಮ, ಅವರ ಊರು ಯಾವುದು ಅಂತ ಈಗ ಗೊತ್ತಾಯಿತು. ಅದನ್ನು ಆಮೇಲೆ ಹೇಳುತ್ತೇನೆ. ನನ್ನನ್ನು ರೇಡಿಯೋ ಅಂತ ಕರೆದು, ಒಂದೇ ಸಲಕ್ಕೆ ಎಲ್ಲ ಸ್ಟೇಷನ್ ಹಾಕುತ್ತೆ ಅಂತ ಅಪ್ಪ ಬೈಯುತ್ತಾರೆ, ಅದಕ್ಕೆ ವರಸೆಯಾಗಿ ಬರುತ್ತೇನೆ.

ಈ ಊರಲ್ಲಿ ನೂರಹತ್ತು ಮನೆ. ಬಾಗಿಲು ತೆರೆಯುವುದು ಮೂವತ್ತೆಂಟು. ಬಂದ ಹೊಸದರಲ್ಲಿ ಇವರು ನನ್ನನ್ನು ಊರು ತೋರಿಸಲು ಕರೆದುಕೊಂಡು ಹೋದರು. ಬೇರೆ ಗಂಡಂದಿರು ಹೆಂಡತಿಗೆ ಉದ್ಯಾನವನ ತೋರಿಸುತ್ತಾರೆ, ನಿನ್ನ ಅಳಿಯ ಬೀಗ ತೋರಿಸಿದರು! ಈ ಬೀಗದವರು ಬಟ್ಟೆ ಕಾರ್ಖಾನೆಗೆ ಹೋದರು, ಈ ಬೀಗದವರು ಮಗಳ ಓದಿಗೆ ಹೋದರು, ಇದರ ಕೀಲಿ ಪಕ್ಕದ ಮನೆಯಲ್ಲಿತ್ತು, ಈಗ ಪಕ್ಕದ ಮನೆಗೂ ಬೀಗ. ಇವರ ಹತ್ತಿರ ಒಂದು ದಪ್ಪ ನೋಟ್‌ಬುಕ್ ಇದೆ. ಯಾರೇ ಊರು ಬಿಡಲಿ, ಅವರ ಮನೆಯ ಪುಟದಲ್ಲಿ ಹೊಸ ವಿಳಾಸ ಮತ್ತು ಹೋದ ತಾರೀಕು ಬರೆದಿಡುತ್ತಾರೆ, ಬಂದ ಕಾಗದ ಅಲ್ಲಿಗೆ ಕಳಿಸಲು. ಶಾಲೆಯಲ್ಲಿ ನಮ್ಮ ಜಿಯಾಗ್ರಫಿ ಮಿಸ್ ಬೋರ್ಡಿನ ಮೇಲೆ ಒಂದು ದೊಡ್ಡ ಚುಕ್ಕಿ ಇಟ್ಟು, ಸುತ್ತ ಸಣ್ಣ ಚುಕ್ಕಿ ಇಟ್ಟು, ಸಣ್ಣದರಿಂದ ದೊಡ್ಡದಕ್ಕೆ ಬಾಣ ಎಳೆದು ಮೈಗ್ರೇಷನ್ ಅಂದಿದ್ದರು. ನನಗೆ ಹತ್ತಕ್ಕೆ ಹತ್ತು ಬಂದಿತ್ತು. ಬಾಣದ ಬಾಲದ ಹತ್ತಿರ ಒಬ್ಬ ಮನುಷ್ಯ ಸೈಕಲ್ ನಿಲ್ಲಿಸಿಕೊಂಡು ವಿಳಾಸ ಬರೆದುಕೊಳ್ಳುತ್ತಿರುತ್ತಾನೆ ಅಂತ ಯಾರೂ ಹೇಳಿಕೊಟ್ಟಿರಲಿಲ್ಲ.

ಈಗ ಬಸ್ಸಿನ ವಿಷಯ. ಊರಿಗೆ ಇರುವುದು ಒಂದೇ ಬಸ್ಸು. ಬೆಳಿಗ್ಗೆ ಎಂಟಕ್ಕೆ ಪೇಟೆಗೆ ಹೋಗಿ ಹನ್ನೊಂದಕ್ಕೆ ವಾಪಸ್ಸು ಹೊರಡುತ್ತೆ, ಸಂಜೆ ಇನ್ನೊಂದು ಸುತ್ತು. ಟಿಕೆಟ್ ತೆಗೆದವರು ಹೋಗುವಾಗ ಹದಿನೈದು, ಬರುವಾಗ ಹದಿನೈದು ಇಲ್ಲದಿದ್ದರೆ ಬಸ್ಸು ನಿಲ್ಲಿಸುತ್ತಾರಂತೆ. ಹೈಸ್ಕೂಲಿಗೆ ಹೋಗುವ ಏಳು ಮಕ್ಕಳದ್ದು ಪಾಸು, ಅವರು ಆಟಕ್ಕುಂಟು ಲೆಕ್ಕಕ್ಕಿಲ್ಲ. ಬಸ್ಸು ನಿಂತರೆ ಆ ಏಳು ಮನೆಯವರೂ ಪೆಟ್ಟಿಗೆ ಕಟ್ಟುತ್ತಾರೆ. ಅವರು ಹೋದರೆ ಅಂಚೆ ಕಚೇರಿ ಮುಚ್ಚುತ್ತೆ, ಇವರಿಗೆ ವರ್ಗವಾಗುತ್ತೆ. ಎಲ್ಲಿಗೆ ಗೊತ್ತಾ? ನಿನ್ನ ಊರಿಗೇ! ಹಿಗ್ಗಬೇಡ, ಮುಂದೆ ಓದು.

ಅದಕ್ಕೆ ಇಲ್ಲಿನವರು ಸರದಿ ಮಾಡಿಕೊಂಡಿದ್ದಾರೆ. ಪೇಟೆಯಲ್ಲಿ ಕೆಲಸವಿರಲಿ ಬಿಡಲಿ, ದಿನಾ ಹದಿನೈದು ಜನ ಬಸ್ಸು ಹತ್ತುತ್ತಾರೆ. ನಿಜವಾದ ಪ್ರಯಾಣಿಕರ ಹಾಗೆ ಕಾಣಲು ಕೈಯಲ್ಲೊಂದು ಚೀಲ ಬೇರೆ. ಚೀಲದೊಳಗೆ ಹಳೇ ದಿಂಬು! ಮಂಗಳವಾರದ ತಂಡಕ್ಕೆ ದರ್ಜಿ ಚಿಕ್ಕಮ್ಮ ಮುಖ್ಯಸ್ಥೆ. ಬಟ್ಟೆ ಹೊಲಿಯುವ ಹಾಗೆಯೇ ಮಾತಿಗೂ ಅಳತೆ ತೆಗೆಯುವವರು. ಎಲ್ಲರೂ ಪೇಟೆಯ ಬಸ್ ನಿಲ್ದಾಣದಲ್ಲಿ ಸಾಲಾಗಿ ಕೂತು ಟೀ ಕುಡಿದು, ಬಂದ ಬಸ್ಸಿಗೇ ವಾಪಸ್ಸು. ಕಂಡಕ್ಟರಿಗೆ ಎಲ್ಲ ಗೊತ್ತು. "ದಿಂಬಿಗೂ ಟಿಕೆಟ್ ಕೊಡ್ಲಾ?" ಅಂತ ಕೇಳುತ್ತಾನೆ.

ನಾನು ಮೊದಲು ಹತ್ತಿದ ಮಂಗಳವಾರ ನೋಡಬೇಕಿತ್ತು ನೀನು. ನನಗೆ ಯಾರೂ ಸರದಿ ಅಂತ ಹೇಳಿರಲೇ ಇಲ್ಲ. ಗುಂಡಿ, ದಾರ ತರುತ್ತೇನೆ ಅಂತ ಅತ್ತೆಗೆ ಹೇಳಿ ಹೊರಟವಳು ನಾನು. ಬಸ್ಸು ಹತ್ತುತ್ತಿದ್ದ ಹಾಗೆ ದರ್ಜಿ ಚಿಕ್ಕಮ್ಮ, "ನೋಡ್ರೇ, ಹೊಸ ಸೊಸೆ ಕರೀದೇನೇ ಬಂದ್ಲು! ಇವಳು ನಮ್ಮವಳು ಕಣ್ರೇ" ಅಂತ ಚಪ್ಪಾಳೆ ತಟ್ಟಿದರು. ಕಂಡಕ್ಟರು ನನ್ನ ಚೀಲ ಎತ್ತಿ, "ಅಬ್ಬಾ, ಇದೇನು ಕಲ್ಲು ತುಂಬಿದ್ದೀರಾ? ಇವರನ್ನು ನೋಡಿ ಕಲೀರಿ, ನಾಟಕ ಅಂದ್ರೆ ಹೀಗಿರಬೇಕು" ಅಂದ. ನಿನ್ನ ಅಳಿಯ ಟಪಾಲು ಚೀಲ ಕೊಡಲು ಕಿಟಕಿಯ ಹತ್ತಿರ ಬಂದವರು ನನ್ನನ್ನು ನೋಡಿದರು. ನನ್ನ ಚೀಲವನ್ನೂ ನೋಡಿದರು. "ಕಿಟಕಿ ಪಕ್ಕ ಕೂತ್ಕೋ, ತಲೆ ಸುತ್ತಲ್ಲ" ಅಂದರು, ಅಷ್ಟೇ. ಹೋಗುವಾಗ ಹದಿನಾರು ಜನ ಆದೆವು. ಪೇಟೆಯಲ್ಲಿ ಒಬ್ಬ ತಾತ ಹಲ್ಲು ಕೀಳಿಸಿಕೊಂಡು ಮಗಳ ಮನೆಯಲ್ಲೇ ಉಳಿದರು. ಬರುವಾಗ ನನ್ನನ್ನು ಸೇರಿಸಿ ಸರಿಯಾಗಿ ಹದಿನೈದು. ಅವತ್ತಿನಿಂದ ಮಂಗಳವಾರ ನನ್ನದು.

ಈಗ ನಿನ್ನ ಮಗಳ ಘನಕಾರ್ಯ ಕೇಳು. ಈ ತಿಂಗಳ ಶುರುವಿನಲ್ಲಿ ಒಂದು ಮಂಗಳವಾರ ನನ್ನ ಪಕ್ಕ ಒಬ್ಬರು ಅಪರಿಚಿತರು ಕೂತರು. ಕನ್ನಡಕ, ಮಡಿಚಿದ ಕೊಡೆ, ಒಳ್ಳೆಯ ಮುಖ. "ಎಲ್ಲಿಗೆ ಹೊರಟ್ರಿ?" ಅಂದರು. ನನಗೆ ಯಾರಾದರೂ ಮಾತಾಡಿಸಿದರೆ ಸಾಕಲ್ಲ! ಸರದಿ, ದಿಂಬು, ಟೀ, ಹದಿನೈದು, ಎಲ್ಲ ಹೇಳಿಬಿಟ್ಟೆ. ಹೆಮ್ಮೆಯಿಂದ ಹೇಳಿದೆ. ದಿಂಬು ತೆಗೆದೂ ತೋರಿಸಿದೆ. ಹಿಂದಿನಿಂದ ದರ್ಜಿ ಚಿಕ್ಕಮ್ಮ ಚಿವುಟಿದರೆ, ಸೊಳ್ಳೆ ಅಂದುಕೊಂಡೆ. ಅವರು ನಿಧಾನವಾಗಿ ಕನ್ನಡಕ ಒರೆಸಿ, "ತಾಯಿ, ನೀವು ಹೇಳಿದ್ದು ನನ್ನ ಕಿವಿಗೆ ಬಿತ್ತು. ಏನ್ಮಾಡ್ಲಿ, ಕಿವಿ ಕಚೇರೀದು" ಅಂದರು. ಬಸ್ಸಿನ ಜನ ಎಣಿಸಲು ಬಂದ ಲೆಕ್ಕದವರು, ಅಮ್ಮ!

ಪುಣ್ಯಕ್ಕೆ ಕೆಟ್ಟ ಮನುಷ್ಯರಲ್ಲ. ಅವತ್ತೇ ಬರೆದು ಕಳಿಸಬಹುದಿತ್ತು. ಬದಲಿಗೆ, "ಮುಂದಿನ ತಿಂಗಳು ಮೊದಲ ಸೋಮವಾರದಿಂದ ಏಳು ದಿನ ಬರ್ತೀನಿ. ಈ ಸಲ ಒಬ್ಬೊಬ್ಬರನ್ನೂ ಕೇಳ್ತೀನಿ, ಎಲ್ಲಿಂದ, ಎಲ್ಲಿಗೆ, ಯಾಕೆ. 'ಯಾಕೆ' ಅನ್ನೋದಕ್ಕೆ ನಿಜವಾದ ಉತ್ತರ ಇರೋ ಹದಿನೈದು ಜನ ತೋರ್ಸಿ, ಬಸ್ಸು ಉಳಿಯುತ್ತೆ" ಅಂದರು.

ಆ ಮಧ್ಯಾಹ್ನ ನಾನು ಊಟ ಮಾಡಲಿಲ್ಲ. ಬಾಯಿ ತಪ್ಪಿ ಅಂದೆನೋ, ವರ್ಗವಾಗಲಿ ಅಂತ ಮನಸ್ಸಿನ ಮೂಲೆಯಲ್ಲೆಲ್ಲೋ ಬಯಸಿ ಅಂದೆನೋ ಅಂತ ನನಗೇ ಅನುಮಾನ ಬಂತು. ಇಲ್ಲಿ ಬೇರೆ ಯಾರಿಗೂ ಬರಲಿಲ್ಲ. ದರ್ಜಿ ಚಿಕ್ಕಮ್ಮ ಬಂದು, "ಬಾಯಿ ಹರ್ಕೊಂಡಿದೆ, ಹೊಲಿಗೆ ಹಾಕ್ಲಾ?" ಅಂತ ಬೈದರು. ಬೈದು, ಎದುರಿಗೆ ಕೂತು ಉಣ್ಣಿಸಿ ಹೋದರು. ಅತ್ತೆ ಮಾತ್ರ, "ಒಡೆದವಳೇ ಅಂಟಿಸಬೇಕು" ಅಂದರು.

ಅಂಟಿಸಲು ಗೋಂದು ಎಲ್ಲಿ ಸಿಕ್ಕಿತು ಗೊತ್ತಾ? ಆ ನೋಟ್‌ಬುಕ್ಕಿನಲ್ಲಿ. ಊರಿಗೆ ಬರಲು ನಿಜವಾದ ಕಾರಣ ಯಾರಿಗಿದೆ? ಬಿಟ್ಟು ಹೋದವರಿಗೆ! ಒಂದು ದಿನಕ್ಕಾದರೂ ಸರಿ, ಬೀಗ ತೆಗೆದು ಕಸ ಗುಡಿಸಿ, ತಾವು ಹುಟ್ಟಿದ ಕೋಣೆಯಲ್ಲಿ ಕೂತು ಎದ್ದು ಹೋಗಲಿ. ಒಬ್ಬೊಬ್ಬರದೂ ಎರಡು ಟಿಕೆಟ್, ಎರಡೂ ನಿಜ. ಎಪ್ಪತ್ತೆರಡು ಬೀಗಕ್ಕೆ ಎಪ್ಪತ್ತೆರಡು ಕಾಗದ ಅಂತ ಬರೆಯಲು ಕೂತೆ. ದಿನಕ್ಕೆ ಹತ್ತರಂತೆ ಬರೆದೆ. "ನನ್ನ ಇಡೀ ನೌಕರಿಯಲ್ಲಿ ಈ ಊರಿಂದ ಇಷ್ಟು ಕಾಗದ ಹೊರಟಿರಲಿಲ್ಲ" ಅಂತ ಇವರು ಮುದ್ರೆ ಒತ್ತಿ ಒತ್ತಿ ಕೈ ನೋಯಿಸಿಕೊಂಡರು.

ಹೀಗೆ ವಿಳಾಸ ನಕಲು ಮಾಡುತ್ತಾ ಒಂದು ಪುಟಕ್ಕೆ ಬಂದೆ. ಓದಿ ಪೆನ್ನು ಕೆಳಗಿಟ್ಟೆ. 'ಮೂರನೇ ಅಡ್ಡರಸ್ತೆ, ಹಾಲಿನ ಅಂಗಡಿ ಓಣಿ, ಹಸಿರು ಗೇಟಿನ ಎದುರು.'

ಅಮ್ಮ, ಹಸಿರು ಗೇಟು ನಮ್ಮದು!

ನಮ್ಮ ಇಸ್ತ್ರಿ ಮಾಮ ಈ ಊರಿನವರು. ನನ್ನ ಯೂನಿಫಾರ್ಮಿನ ನೆರಿಗೆ ಹತ್ತು ವರ್ಷ ತೀಡಿದವರು. ಎಲ್ಲಿಯವರು ಅಂತ ನಾವು ಒಂದು ದಿನ ಕೇಳಿದ್ದೆವಾ? ಅವರ ಮನೆಗೆ ನೀಲಿ ಬಾಗಿಲು, ಮಾಡಿನ ಮೂಲೆಯಲ್ಲಿ ಈಗ ಪಾರಿವಾಳಗಳ ಸಂಸಾರ. ಇನ್ನೊಂದು ಪುಟದಲ್ಲಿ ಅದೇ ವಿಳಾಸ, ಜೊತೆಗೆ 'ಮೂರನೇ ಮಹಡಿ'. ಯಾರು ಹೇಳು? ನಮ್ಮ ಸಿಸಿಟಿವಿ ಅಜ್ಜಿ! ಇಡೀ ದಿನ ಕಿಟಕಿಯಲ್ಲಿ ನಿಂತು ನಮ್ಮ ತಾರಸಿ ನೋಡುತ್ತಿದ್ದರಲ್ಲ, ನಾನು ಬೇಕಂತಲೇ ಬಟ್ಟೆ ಒಣಹಾಕಿ ಮರೆ ಮಾಡುತ್ತಿದ್ದೆನಲ್ಲ, ಅವರೇ. ಅವರ ಮನೆ ಇಲ್ಲಿ ನಮ್ಮ ಮನೆಯ ಎದುರಿಗೇ ಇದೆ. ಹೊರಗೊಂದು ಕಲ್ಲಿನ ಕಟ್ಟೆ, ಕೂತು ಕೂತು ನಡುವೆ ನುಣ್ಣಗಾಗಿದೆ. ಹೋಗುವವರನ್ನೂ ಬರುವವರನ್ನೂ ಅಲ್ಲಿಂದಲೇ ಮಾತಾಡಿಸುತ್ತಿದ್ದರಂತೆ. ನಾನು ಹೋಗಿ ಕೂತು ನೋಡಿದೆ, ಬೀದಿಯ ಎರಡು ತುದಿಯೂ ಕಾಣುತ್ತೆ. ನನ್ನ ರೈಲು ಕಿತ್ತುಕೊಂಡರು ಅಂತ ಅಷ್ಟು ವರ್ಷ ಅವರ ಮೇಲೆ ಸಿಟ್ಟು ಮಾಡಿದೆ. ಅವರು ಏನು ಬಿಟ್ಟು ಬಂದಿದ್ದರು ಅಂತ ಆ ಕಟ್ಟೆ ಮೇಲೆ ಕೂತಾಗ ತಿಳಿಯಿತು.

ಅದಕ್ಕೇ ಈ ಕಾಗದ. ಇಲ್ಲಿಯವರೆಗೆ ಉತ್ತರ ಬಂದದ್ದು ಒಂಬತ್ತು, ಇನ್ನೂ ದಾರಿ ಕಾಯುತ್ತಿದ್ದೇನೆ. ಮಾಮನಿಗೂ ಅಜ್ಜಿಗೂ ಮಾತ್ರ ಅಂಚೆಯಲ್ಲಿ ಹಾಕಲು ಮನಸ್ಸು ಬರಲಿಲ್ಲ. ನೀನೇ ರಸ್ತೆ ದಾಟಿ ಹೋಗಿ ಹೇಳು. ನೀಲಿ ಬಾಗಿಲು ಭದ್ರವಾಗಿದೆ ಅಂತ ಮಾಮನಿಗೆ ಹೇಳು. ಕಟ್ಟೆ ನಾನು ತೊಳೆದಿಟ್ಟಿದ್ದೇನೆ ಅಂತ ಅಜ್ಜಿಗೆ ಹೇಳು. ಅವರನ್ನು ಮೂರು ಮಹಡಿ ಇಳಿಸಲು ಅಪ್ಪ ಸಹಾಯ ಮಾಡಲಿ. ಮುಂದಿನ ತಿಂಗಳ ಮೊದಲ ಸೋಮವಾರ ಬೆಳಿಗ್ಗೆ ಪೇಟೆಯಿಂದ ಹನ್ನೊಂದರ ಬಸ್ಸು. ನೀನೂ ಬಾ ಅಮ್ಮ. ಲೆಕ್ಕದವರು ಯಾಕೆ ಅಂತ ಕೇಳಿದರೆ ಮಗಳ ಮನೆಗೆ ಅನ್ನು. ಅದಕ್ಕಿಂತ ನಿಜ ಇನ್ನೇನಿದೆ?

ಇಲ್ಲೂ ಬಾಯಿ ಮುಚ್ಚದ,
ನಿಮ್ಮಿಬ್ಬರ ರೇಡಿಯೋ

ಮರೆತಿದ್ದೆ: ಮರೆತಿದ್ದೆ ಅನ್ನುವುದು ಸುಳ್ಳು, ಬರೆಯಲು ಧೈರ್ಯ ಇರಲಿಲ್ಲ. ಆ ಮೊದಲ ಮಂಗಳವಾರ ನನ್ನ ಚೀಲದಲ್ಲಿ ದಿಂಬು ಇರಲಿಲ್ಲ. ನನ್ನ ಬಟ್ಟೆ, ಸರ್ಟಿಫಿಕೇಟುಗಳು, ನಿನ್ನ ಫೋಟೋ ಇತ್ತು. ಈ ಊರಿನ ಸದ್ದಿಲ್ಲದ ಮಧ್ಯಾಹ್ನಗಳನ್ನು ತಡೆಯಲಾಗದೆ ನಿನ್ನ ಹತ್ತಿರ ಬಂದುಬಿಡಲು ಹೊರಟಿದ್ದೆ. ವಾಪಸ್ಸು ಹೊರಡುವ ಹೊತ್ತಿಗೆ ಪೇಟೆಯಲ್ಲಿ ನಿನ್ನ ಊರಿನ ಬಸ್ಸು ಪಕ್ಕದಲ್ಲೇ ನಿಂತಿತ್ತು. ಅಷ್ಟರಲ್ಲಿ ದರ್ಜಿ ಚಿಕ್ಕಮ್ಮ ತಮ್ಮ ಪಕ್ಕದ ಸೀಟಿಗೆ ಕರವಸ್ತ್ರ ಹಾಸಿ, "ಬೇಗ ಬಾರೇ, ನೀನಿಲ್ಲದಿದ್ರೆ ಹದಿನಾಲ್ಕೇ" ಅಂತ ಕೂಗಿದರು. ನಮ್ಮ ಓಣಿಯಲ್ಲಿ ಒಬ್ಬಳು ಕಡಿಮೆಯಾದರೆ ಯಾರಿಗೆ ಗೊತ್ತಾಗುತ್ತಿತ್ತು, ಅಮ್ಮ? ಹತ್ತಿ ಕೂತೆ.

ಯಾರಿಗೂ ತಿಳಿದಿಲ್ಲ ಅಂದುಕೊಂಡಿದ್ದೆ. ನಿನ್ನೆ ನೋಟ್‌ಬುಕ್ಕಿನಲ್ಲಿ ನಮ್ಮದೇ ಮನೆಯ ಪುಟ ಸಿಕ್ಕಿತು. ಅದರಲ್ಲಿ ಆ ಮಂಗಳವಾರದ ತಾರೀಕು, ಪಕ್ಕದಲ್ಲಿ ನಿನ್ನ ವಿಳಾಸ, ನಿನ್ನ ಅಳಿಯನ ಅಕ್ಷರ. ಹೋದವರದೆಲ್ಲ ಇಂಕಿನಲ್ಲಿ ಬರೆದಿದ್ದಾರೆ, ನನ್ನದೊಂದು ಮಾತ್ರ ಪೆನ್ಸಿಲಿನಲ್ಲಿ. ಇವತ್ತಿನವರೆಗೂ ಆ ಬಗ್ಗೆ ಒಂದು ಮಾತು ಆಡಿಲ್ಲ. ಮನೆಯೆಲ್ಲ ಹುಡುಕಿದೆ, ಒಂದು ರಬ್ಬರ್ ಇಲ್ಲ ಇಲ್ಲಿ. ಬರುವಾಗ ನನ್ನ ಹಳೇ ಕಂಪಾಸ್ ಪೆಟ್ಟಿಗೆಯಲ್ಲಿರುವುದನ್ನು ತಪ್ಪದೆ ತಾ.