ನಿನ್ನ ಬದಲಿಗೆ ಮಗುವನ್ನು ಹಿಡಿದವಳು

ಅಲ್ ಖುವೈರ್, ಮಸ್ಕತ್
13 ಅಕ್ಟೋಬರ್ 2024, ಭಾನುವಾರ

ಪ್ರೀತಿಯ ಅಮ್ಮಾ,

ನಿನ್ನ ಮೊಣಕಾಲು ನೋವು ಈಗ ಹೇಗಿದೆ? ಇಗರ್ಜಿಯ ಮೆಟ್ಟಿಲು ಹತ್ತುವಾಗ ಯಾರದಾದರೂ ಕೈ ಹಿಡಿದುಕೋ, ಹಠ ಬೇಡ. ಮದ್ದು ಸರಿಯಾಗಿ ತೆಗೆದುಕೊಳ್ಳುತ್ತೀಯೋ ಇಲ್ಲವೋ ಎಂದು ಇಲ್ಲಿ ನನಗೆ ಚಿಂತೆ; ಚಿಂತೆ ಮಾಡಲು ನನಗೆ ಏನಾದರೂ ಬೇಕೇ ಬೇಕು ಎಂದು ನಿನಗೆ ಗೊತ್ತಲ್ಲ. ನಿನ್ನ ಮೊಮ್ಮಗಳು ಇಸಾಬೆಲ್ಲಾ ಚೆನ್ನಾಗಿದ್ದಾಳೆ. ನಿದ್ದೆ ಮಾತ್ರ ಅವಳಿಗೂ ಇಲ್ಲ, ನನಗೂ ಇಲ್ಲ. ಫೋನಿನಲ್ಲಿ ಹೇಳಹೊರಟರೆ ನೀನು ನಡುವೆ ಬಾಯಿ ಹಾಕುತ್ತೀ, ನಾನು ಅಳುತ್ತೇನೆ. ಅದಕ್ಕೇ ರಜೆಗೆ ಊರಿಗೆ ಹೊರಟ ನಮ್ಮ ಪರಿಚಯದ ರಾಯ್‌ಸ್ಟನ್ ಕೈಯಲ್ಲಿ ಈ ಕಾಗದ. ಕನ್ನಡ ಟೀಚರಮ್ಮಾ, ತಪ್ಪಿಗೆಲ್ಲ ಕೆಂಪು ಗೆರೆ ಎಳೆಯಬೇಡ.

ಎದುರು ಫ್ಲಾಟಿನ ವಾಂಜಿರುವಿನ ವಿಷಯ ಹೇಳಿದ್ದೆನಲ್ಲ. ಕೀನ್ಯಾದವಳು, ಕೆಳಗಿನ ಬ್ಯೂಟಿ ಪಾರ್ಲರಿನಲ್ಲಿ ಕೆಲಸ, ನಮ್ಮದೇ ಇಗರ್ಜಿ. ಮಗು ಅತ್ತು ಅತ್ತು ನೀಲಿಯಾದಾಗ ಬಂದು, ಬಟ್ಟೆಯಲ್ಲಿ ಬೆನ್ನಿಗೆ ಕಟ್ಟಿಕೊಂಡು, ಏನೋ ಗುನುಗುತ್ತ ನಮ್ಮ ಅಡುಗೆಮನೆಯಲ್ಲಿ ಅತ್ತಿತ್ತ ನಡೆಯುತ್ತಾಳೆ. ಸ್ವಲ್ಪ ಹೊತ್ತಿಗೆ ಮಗು ಗಪ್‌ಚಿಪ್. ಮೊದಲ ಸಲ ಅದನ್ನು ನೋಡಿದಾಗ ನಾನು ಪಾತ್ರೆ ತೊಳೆಯುವುದನ್ನೇ ಮರೆತು ನಿಂತುಬಿಟ್ಟಿದ್ದೆ.

ಮಂಗಳವಾರ ನಮ್ಮ ಮನೆಯಲ್ಲಿ ಜಪಸರ. ಜಪ ಮುಗಿದು ಚಹಾ ಕೊಡುವಾಗ ವಾಂಜಿರುವಿನ ಬೆನ್ನಿನಲ್ಲಿ ಮಗು ಮಲಗಿತ್ತು. ನಿನ್ನ ಅಳಿಯ ಫಿಲಿಪ್ ಅವರ ಚಿಕ್ಕಮ್ಮ ಹೇಝಲ್ ಆಂಟಿ ಎಲ್ಲರೆದುರು, "ಮಗುವನ್ನು ಅವಳಿಂದ ತೆಗಿ ಮಾರಾಯ್ತಿ. ಮೊದಲೇ ನಿನ್ನ ಬಣ್ಣ, ಇನ್ನು ಅವಳದ್ದೂ ಹಿಡಿದರೆ ನಾಳೆ ಯಾರು ಮದುವೆ ಆಗುವುದು?" ಎಂದರು. ಎಲ್ಲರೂ ನಕ್ಕರು, ಫಿಲಿಪ್ ಸಹ. ವಾಂಜಿರುವಿಗೆ ಕನ್ನಡ ಬಾರದು. ಆದರೆ ನಗು ಯಾರ ಕಡೆ ತಿರುಗಿದೆ ಎಂದು ತಿಳಿಯಲು ಭಾಷೆ ಬೇಕೇ? ಮೆಲ್ಲಗೆ ಗಂಟು ಬಿಚ್ಚಿ ಮಗುವನ್ನು ನನಗೆ ಕೊಟ್ಟು, "ಸಾರಿ ಸಿಸ್ಟರ್" ಎಂದಳು. ಸಾರಿ ಹೇಳಬೇಕಾದವಳು ಅವಳೇ, ಅಮ್ಮಾ? ಆಗಷ್ಟೇ ಎಲ್ಲರೂ ಒಂದೇ ಬಾಯಲ್ಲಿ ಮರಿಯಮ್ಮನನ್ನು ಕರೆದಿದ್ದೆವಲ್ಲ!

ಶುಕ್ರವಾರ ಜ್ಞಾನಸ್ನಾನ. ಮೊದಲ ಮಗುವಿಗೆ ತಾಯಿಯ ತಾಯಿಯೇ ಧರ್ಮಮಾತೆ ಎಂಬುದು ನಮ್ಮ ಪದ್ಧತಿ. ನಿನಗೆ ಬರಲಾಗದೆ, ನಿನ್ನ ಬದಲು ಮಗುವನ್ನು ಹಿಡಿಯಲು ಹೇಝಲ್ ಆಂಟಿಗೆ ನೀನೇ ಹೇಳಿದ್ದೆ. ಅವರು ಹೊಸ ರೇಷ್ಮೆಸೀರೆ ಉಟ್ಟು ತೊಟ್ಟಿಯ ಬಳಿ ಕೈ ಚಾಚಿ ನಿಂತಿದ್ದರು. ಅಜ್ಜಿಯ ಪರವಾಗಿ ಯಾರು ಎಂದು ಪಾದ್ರಿಗಳು ಕೇಳಿದರು. ಆಗ ನೀನು ಕ್ಯಾಟೆಕಿಸಂ ತರಗತಿಯಲ್ಲಿ ಹೇಳುತ್ತಿದ್ದ ಬೈಬಲ್ ಕಥೆ ನೆನಪಾಯಿತು: ನೀರು ಕಂಡೊಡನೆ ರಥ ನಿಲ್ಲಿಸಿ ಜ್ಞಾನಸ್ನಾನ ಕೇಳಿದ ಆ ಇಥಿಯೋಪಿಯದ ಕಪ್ಪು ಅಧಿಕಾರಿ. ಅವನಿಗೆ ಇಲ್ಲದ ಅಡ್ಡಿ ಇವಳಿಗೆ ಎಲ್ಲಿಂದ ಬಂತು? ನಾನು ಮಗುವನ್ನು ಎತ್ತಿಕೊಂಡು ಆಂಟಿಯನ್ನು ದಾಟಿ ಕೊನೆಯ ಬೆಂಚಿಗೆ ನಡೆದೆ. ವಾಂಜಿರು ಗಾಬರಿಯಾಗಿ, "ನೋ ಸಿಸ್ಟರ್, ಆಂಟಿ ವೇಟಿಂಗ್" ಎಂದಳು. ನಾನು ಮಗುವನ್ನು ಅವಳ ತೋಳಿನಲ್ಲಿ ಇಟ್ಟುಬಿಟ್ಟೆ. ಅವಳನ್ನು ಕರೆದುಕೊಂಡು ತೊಟ್ಟಿಯ ಬಳಿ ಹಿಂದಿರುಗಿದಾಗ ಫಿಲಿಪ್ ಪಕ್ಕಕ್ಕೆ ಸರಿದು ಅವಳಿಗೆ ಜಾಗ ಕೊಟ್ಟರು.

ಆಮೇಲೆ ನಡೆದದ್ದನ್ನು ಹೇಗೆ ಬರೆಯಲಿ! ತಲೆಗೆ ನೀರು ಬಿತ್ತು. ಸ್ನಾನಕ್ಕೆ ಊರೆಲ್ಲ ಕೇಳುವಂತೆ ಕಿರುಚುವ ಮಗು ಸುಮ್ಮನೆ ಕಣ್ಣರಳಿಸಿ ಅವಳ ಮುಖವನ್ನೇ ನೋಡಿತು. ಎಲ್ಲರೂ ಆಮೆನ್ ಎಂದಾಗ ವಾಂಜಿರುವಿನ ಗಂಟಲಿಂದ ಒಂದು ಕೂಗು ಎದ್ದಿತು, ನಾಲಿಗೆ ಕುಣಿಸಿ ಹಾಕುವ ಉದ್ದನೆಯ ಕೂಗು. ಮಗು ಹುಟ್ಟಿದರೆ ಅವಳ ಊರಿನ ಹೆಂಗಸರು ಹಾಗೆ ಕೂಗುತ್ತಾರಂತೆ. ಹಿಂದಿನ ಸಾಲುಗಳಿಂದ ಆಫ್ರಿಕಾದ ಹೆಂಗಸರು ಒಬ್ಬೊಬ್ಬರಾಗಿ ಓಗೊಟ್ಟರು. ಛಾವಣಿಯೇ ಮೇಲೆ ಹೋದಂತಾಯಿತು, ಅಮ್ಮಾ. ನನ್ನ ಮೈಯೆಲ್ಲ ನವಿರೆದ್ದಿತು. ನನ್ನ ಮಗಳು ಭೂಮಿಗೆ ಬಂದದ್ದಕ್ಕೆ ಇಷ್ಟು ದೊಡ್ಡ ಸಂತೋಷ ಎಲ್ಲಿ ಕಾದಿತ್ತು? ಹೇಝಲ್ ಆಂಟಿ ಊಟಕ್ಕೆ ಕೂರಲಿಲ್ಲ. ಸಾನ್ನಾ ಇಡ್ಲಿ, ಕೋಳಿಸಾರು ಮಾತ್ರ ಪಾರ್ಸೆಲ್ ಕಟ್ಟಿಸಿಕೊಂಡು ಹೋದರು.

ಅಪ್ಪನ ಸಮಾಧಿಗೆ ನನ್ನದೊಂದು ಮೋಂಬತ್ತಿ ಹಚ್ಚು. ದೇವರು ನಿನ್ನನ್ನು ನಮಗಾಗಿ ಬಹಳ ಕಾಲ ಇಟ್ಟಿರಲಿ.

ನಿನ್ನ ಮಗಳು,
ಕ್ರಿಸ್ಟಲ್

ತಾ.ಕ.: ರಾಯ್‌ಸ್ಟನ್ ಕೆಳಗೆ ಹಾರ್ನ್ ಹೊಡೆಯುತ್ತಿದ್ದಾನೆ. ಮಗುವಿಗೆ ಬಣ್ಣ ಬರಲೆಂದು ನೀನು ಕಳಿಸಿದ ಕೇಸರಿ, ಕಡಲೆಹಿಟ್ಟಿನ ಡಬ್ಬಿ ಅವನ ಬ್ಯಾಗಿನಲ್ಲಿ ಹಿಂದೆ ಬರುತ್ತಿದೆ, ಮುಚ್ಚಳ ತೆಗೆದಿಲ್ಲ. ನಿನ್ನ ಬದಲು ನಿಂತವಳಿಗೆ ಎಂದು ಕಳಿಸಿದ ಸೀರೆ ನಿನ್ನ ಮಾತಿಗೆ ಕಾಯುತ್ತ ನನ್ನ ಕಪಾಟಿನಲ್ಲೇ ಇದೆ. ವಾಂಜಿರು ಶುಕ್ರವಾರದಿಂದ ಒಂದೇ ಪ್ರಶ್ನೆ ಕೇಳುತ್ತಿದ್ದಾಳೆ: "ನಿನ್ನ ಅಮ್ಮನಿಗೆ ಕೋಪವೇ?" ನಾನು ಉತ್ತರ ಕೊಟ್ಟಿಲ್ಲ. ಅದನ್ನು ನೀನೇ ಫೋನ್ ಮಾಡಿ ಅವಳಿಗೆ ಹೇಳು.